ತೋರ್ಸಲಾಕ ಏನದ?

ಎಲ್ಲರಿಗೂ ಶರಣು ಶರಣಾರ್ಥಿ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ 'ಇತಿಹಾಸಕಾರರು' ಅಂತ ಅಚ್ಚು ಹಾಕಿಸಿದ್ದೀರಿ. ಮೊದಲು ಅದನ್ನು ಅಳಿಸಿಬಿಡೋಣ. ನಾನು ಸರ್ಕಾರಿ ಟಿವಿಗೆ ಇತಿಹಾಸದ ಸಾಕ್ಷ್ಯಚಿತ್ರ ಮಾಡಿಕೊಡುತ್ತಿದ್ದ ಹೊರಗಿನ ನಿರ್ಮಾಪಕ. ಇತಿಹಾಸಕಾರರು 'ಇದಕ್ಕೆ ಆಧಾರ ಏನು?' ಅಂತ ಕೇಳುತ್ತಾರೆ. ನಮ್ಮ ಕಸುಬಿನಲ್ಲಿ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ನನ್ನ ಜೊತೆ ಬಹಳ ವರ್ಷ ದುಡಿದ ಕ್ಯಾಮೆರಾಮನ್ ಆಳಂದ ಕಡೆಯವರು. ಸ್ಕ್ರಿಪ್ಟ್ ಪೂರ್ತಿ ಓದಿ, ಹಾಳೆ ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು, ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು: 'ಎಲ್ಲಾ ಖರೇ ಅದರಿ ಸರ. ತೋರ್ಸಲಾಕ ಏನದ?'

ನನ್ನ ಇಡೀ ವೃತ್ತಿ ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಕಳೆದಿದೆ.

ಟಿವಿ ಅನ್ನುವ ವಸ್ತುವನ್ನು ನಾನು ಮೊದಲು ನೋಡಿದ್ದು ನಮ್ಮೂರ ಸಾಲಿಯಲ್ಲಿ, 1975ರಲ್ಲಿ. ಆ ವರ್ಷ ಆಗಸ್ಟ್ 1ಕ್ಕೆ 'ಸೈಟ್' ಅನ್ನುವ ಪ್ರಯೋಗ ಶುರುವಾಯಿತು. ಅಮೆರಿಕದವರ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ನಮ್ಮ ಕಲಬುರಗಿ, ರಾಯಚೂರು, ವಿಜಾಪುರ ಸೀಮೆ. ಸಾಲಿಯ ಮಾಳಿಗೆ ಮೇಲೆ ಹತ್ತು ಅಡಿ ಅಗಲದ, ಕೋಳಿಗೂಡಿನ ಜಾಳಿಗೆಯಂಥ ಒಂದು ಕೊಡೆ. ಅದರಲ್ಲಿ ಹಿಡಿದದ್ದು ಕೆಳಗೆ ಪೆಟ್ಟಿಗೆಯಲ್ಲಿ ಕಾಣುತ್ತಿತ್ತು. 1976ರ ಜುಲೈ 31ಕ್ಕೆ ಎಲ್ಲಾ ಮುಗಿಯಿತು, ಉಪಗ್ರಹ ಬೇರೆ ಕಡೆ ಸರಿಯಿತು. ಮಾರನೇ ದಿನ ಸಂಜೆಯೂ ನಾವು ಸಾಲಿ ಅಂಗಳದಲ್ಲಿ ಹೋಗಿ ಕೂತಿದ್ದೆವು. 1977ರಲ್ಲಿ ಕಲಬುರಗಿಗೆ ನೆಲದ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ನಾವು ನಾಲ್ಕು ವರ್ಷ ಮುಂದಿದ್ದ ಸಂಗತಿ ಇದೊಂದೇ ಇರಬೇಕು, ಅದಕ್ಕೇ ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತೇನೆ.

ಪ್ರಸ್ತಾವನೆ ಬರೆಯುವುದು, ಬಜೆಟ್ ಹಾಕುವುದು, ಹೈದರಾಬಾದಿನಿಂದ ಬಾಡಿಗೆಗೆ ಕ್ಯಾಮೆರಾ ತರುವುದು, ಇವೆಲ್ಲ ಆಗಿನ ಕಷ್ಟ. ಈಗಿನ ಕಷ್ಟ ಬೇರೆ. ಅದನ್ನು ಬಿಡಿ.

ಕೋಟೆ ತೋರಿಸುವುದು ಎಲ್ಲಕ್ಕಿಂತ ಸುಲಭ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು ಅಂತ ಹಿನ್ನೆಲೆ ಧ್ವನಿ ಹೇಳಿದರೆ, ಕೋಟೆಯ ಒಂದು ಬುರುಜು ಸಾಕು. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ, 1367ರದ್ದು, ಅಂಗಳವೇ ಇಲ್ಲದೆ ಪೂರ್ತಿ ಮಾಳಿಗೆ ಹೊದ್ದ ಮಸೀದಿ. ಒಂದು ಮೂಲೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಕಮಾನಿನೊಳಗೆ ಕಮಾನು ಬರುವಂತೆ ಫ್ರೇಮ್ ಹಿಡಿದು ಸುಮ್ಮನೆ ಕೂತರೂ ಚಿತ್ರ ತಾನೇ ಆಗುತ್ತದೆ. ಆದರೆ ಇದರಲ್ಲೊಂದು ಮೋಸ ಇದೆ. ಕಲ್ಲಲ್ಲಿ ಕಟ್ಟಿಸಿದವರಷ್ಟೇ ಮತ್ತೆ ಮತ್ತೆ ಟಿವಿಗೆ ಬರುತ್ತಾರೆ. ಮಣ್ಣಲ್ಲಿ ಕಟ್ಟಿದವರು, ಓಲೆಗರಿಯಲ್ಲಿ ಬರೆದವರು ಹಿನ್ನೆಲೆ ಧ್ವನಿಯಲ್ಲಿ ಒಂದು ವಾಕ್ಯವಾಗಿ ಮುಗಿದುಹೋಗುತ್ತಾರೆ.

ಮಳಖೇಡದಲ್ಲಿ ಇದು ನನಗೆ ಸರಿಯಾಗಿ ತಟ್ಟಿತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದು. ನೃಪತುಂಗನ ಆಸ್ಥಾನ. ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಅಂತ 'ಕವಿರಾಜಮಾರ್ಗ' ಹೇಳಿದ್ದು ಆ ಆಸ್ಥಾನದಲ್ಲೇ, ಒಂಬತ್ತನೇ ಶತಮಾನದಲ್ಲಿ. ಸ್ಕ್ರಿಪ್ಟ್‌ನಲ್ಲಿ ನಾನು ಎರಡು ಪುಟ ವೈಭವ ತುಂಬಿದ್ದೆ. ಹೋಗಿ ನೋಡಿದರೆ ಅರಮನೆ ಎಲ್ಲಿದೆ? ಕಾಗಿಣಾ ನದಿ ಇದೆ, ನೇಮಿನಾಥ ಬಸದಿ ಇದೆ, ಜಯತೀರ್ಥರ ವೃಂದಾವನ ಇದೆ, ಮುರುಕು ಗೋಡೆಗಳಿವೆ. ನೃಪತುಂಗ ಕೂತ ಜಾಗ ಅಂತ ಬೆರಳು ಮಾಡಿ ತೋರಿಸಲಿಕ್ಕೆ ಏನೂ ಇಲ್ಲ. ಕ್ಯಾಮೆರಾ ಸ್ವಲ್ಪ ಆಚೆ ತಿರುಗಿದರೆ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಫ್ರೇಮಿಗೆ ಬರುತ್ತಿತ್ತು. ಅದು ಬರಬಾರದು ಅಂತ ಒಂದು ಬೆಳಗು ಪೂರ್ತಿ ಒದ್ದಾಡಿದೆವು. ಈಗ ಅನಿಸುತ್ತದೆ, ಚಿಮಣಿ ಬಿಡಬೇಕಿತ್ತು. ಆ ಸೀಮೆಯ ಸುಣ್ಣದ ಕಲ್ಲೇ ಇವತ್ತು ಪುಡಿಯಾಗಿ ಚೀಲ ಸೇರುತ್ತಿರುವಾಗ, ಅದನ್ನು ಮರೆಮಾಚಿ ನಾನು ತೋರಿಸಿದ ಮಾನ್ಯಖೇಟ ಯಾವ ಊರಿನದು?

ಕಲ್ಲಿದ್ದರೂ ಕಾಣದೇ ಇರುವುದುಂಟು. ಅದಕ್ಕೆ ಸನ್ನತಿಗೆ ಬರಬೇಕು. ಚಿತ್ತಾಪುರ ತಾಲ್ಲೂಕು, ಭೀಮಾ ನದಿ ದಂಡೆ, ಚಂದ್ರಲಾಂಬೆಯ ಗುಡಿ. ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಆ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಹಾಸುಗಲ್ಲಿನ ಮೇಲೆ ಅಕ್ಷರಗಳಿರುವುದು ಬೆಳಕಿಗೆ ಬಂತು. ಓದಿದರೆ ಅಶೋಕನ ಶಾಸನ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡೂ ಮಗ್ಗುಲಲ್ಲಿ ಬರಹ. ಒಂದು ಬದಿಗೆ ಅಶೋಕನ ಹದಿನಾಲ್ಕು ಬಂಡೆ ಶಾಸನಗಳಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗ. ಇನ್ನೊಂದು ಬದಿಗೆ, ಅಲ್ಲಿಯವರೆಗೆ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ, 'ಪ್ರತ್ಯೇಕ ಶಾಸನ' ಅಂತ ಕರೆಯುವ ಶಾಸನಗಳು. ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಮುಂದೆ ಅಗೆದಾಗ ಮಹಾಸ್ತೂಪವೇ ಸಿಕ್ಕಿತು. ಅದರ ಒಂದು ಫಲಕದಲ್ಲಿ ರಾಜ, ರಾಣಿ, ಮತ್ತು 'ರಾಯಾ ಅಸೋಕೋ' ಅಂತ ಹೆಸರು. ಇದನ್ನೆಲ್ಲ ನಿಮ್ಮ ಮೇಷ್ಟರು ನನಗಿಂತ ಚೊಲೋ ಹೇಳುತ್ತಾರೆ. ನಾನು ಹೇಳಬೇಕಾದದ್ದು ಬೆಳಕಿನ ವಿಷಯ.

ನಡುಮಧ್ಯಾಹ್ನ ಶಾಸನದ ಮುಂದೆ ಕ್ಯಾಮೆರಾ ಇಟ್ಟರೆ ಅದು ಬರೀ ಬಂಡೆ. ಅಕ್ಷರ ಅಂದರೆ ಕಲ್ಲಿನಲ್ಲಿ ತೆಗೆದ ಗೀರು. ಗೀರು ಕಾಣಬೇಕಾದರೆ ಅದರಲ್ಲಿ ನೆರಳು ನಿಲ್ಲಬೇಕು. ನೆರಳು ನಿಲ್ಲಬೇಕಾದರೆ ಬೆಳಕು ಮುಂದಿನಿಂದಲ್ಲ, ಬದಿಯಿಂದ, ಕಲ್ಲನ್ನು ಸವರಿಕೊಂಡು ಬರಬೇಕು. ಲೈಟ್ ಇದ್ದವು, ಕರೆಂಟ್ ಇರಲಿಲ್ಲ. ನಮ್ಮ ಕ್ಯಾಮೆರಾಮನ್ ಊರೊಳಗೆ ಹೋಗಿ ಕಟಿಂಗ್ ಅಂಗಡಿಯ ಕನ್ನಡಿ ಹೊತ್ತು ತಂದರು. ಅಂಗಡಿಯವರೂ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಕನ್ನಡಿಯ ಹಿಂದೆಯೇ ಬಂದರು. ಹೊರಗೆ ಬಿಸಿಲಲ್ಲಿ ಕನ್ನಡಿ ಹಿಡಿದು, ಬೆಳಕನ್ನು ಒಳಗೆ ಹಾಯಿಸಿ, ಅಂಗೈ ಅಗಲದ ಪಟ್ಟಿಯನ್ನು ಕಲ್ಲಿನ ಒಂದು ತುದಿಯಿಂದ ನಿಧಾನಕ್ಕೆ ಸರಿಸುತ್ತ ಬಂದರು. ಬೆಳಕು ಹೋದಲ್ಲಿ ಅಕ್ಷರ ಏಳುತ್ತಿತ್ತು, ದಾಟಿದ ಮೇಲೆ ಮಲಗುತ್ತಿತ್ತು. ನಡುವೆ ಒಂದು ಚೌಕ ತೂತು. ಮೂರ್ತಿಯನ್ನು ಕೂಡಿಸಲಿಕ್ಕೆ ಯಾವ ಕಾಲದಲ್ಲೋ ಯಾರೋ ಕೊರೆದದ್ದು. ಅಲ್ಲಿಗೆ ಬಂದಾಗ ಬೆಳಕು ತೂತಿನೊಳಗೆ ಬಿದ್ದುಹೋಯಿತು. ಹನ್ನೆರಡನೆಯ ಶಾಸನ ಏನು ಹೇಳುತ್ತದೆ ಗೊತ್ತಲ್ಲ? ತನ್ನ ಪಂಥವನ್ನೇ ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಅಂತ. ಆ ಶಾಸನದ ಭಾಗವಿರುವ ಕಲ್ಲನ್ನು ಕೊರೆದೇ ಪೀಠ ಮಾಡಿದ್ದಾರೆ. ಆದರೆ ಪೀಠ ಮಾಡಿದ್ದಕ್ಕೇ ಅದು ಉಳಿಯಿತು, ಇಲ್ಲದಿದ್ದರೆ ಯಾರದೋ ಮನೆಯ ಪಾವಟಿಗೆ ಆಗುತ್ತಿತ್ತು. ಆ ಶಾಟ್‌ಗೆ ನಾನು ಹಿನ್ನೆಲೆ ಮಾತು ಬರೆಯಲಿಲ್ಲ. ನನ್ನ ಕೆಲಸದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ನಲವತ್ತು ಸೆಕೆಂಡ್ ಇದ್ದರೆ ಅದೇ.

ಒಪ್ಪಿಗೆಯಾಗದ್ದೂ ಹೇಳಬೇಕಲ್ಲ. ಬೀದರಿನಲ್ಲಿ ಬಹಮನಿ ಸುಲ್ತಾನರ ಪ್ರಧಾನಿಯಾಗಿದ್ದ ಮಹಮೂದ್ ಗವಾನನ ಮೇಲೆ ಮಾಡಿದ್ದು. 1472ರಲ್ಲಿ ಕಟ್ಟಿಸಿದ ಮದರಸಾ ಇದೆ, ಅದರ ಒಂದೇ ಉಳಿದ ಮಿನಾರು ಇದೆ, ಬಣ್ಣದ ಹೆಂಚು ಇವೆ. ಅಲ್ಲಿಯವರೆಗೆ ಸಲೀಸು. ಆಮೇಲೆ ಅವನ ಸಾವು. ವೈರಿಗಳು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆದಂತೆ ಪತ್ರ ಸೃಷ್ಟಿಸಿದರು. ಸುಲ್ತಾನ ಅದನ್ನು ನಂಬಿ 1481ರಲ್ಲಿ ಗವಾನನ ತಲೆ ತೆಗೆಸಿದ. ತೋರ್ಸಲಾಕ ಏನದ? ನಾಟಕ ಕಂಪನಿಯಿಂದ ಡ್ರೆಸ್ ತಂದು ದೃಶ್ಯ ಮಾಡೋಣ ಅಂದೆ. ಪತ್ರ ಬೇಕಾಯಿತು. ಚಹಾ ನೀರಲ್ಲಿ ಅದ್ದಿ ಒಣಗಿಸಿದ ಹಾಳೆ ಮೇಲೆ ಯೂನಿಟ್ ಹುಡುಗನೊಬ್ಬ ಎಲ್ಲಿಂದಲೋ ನೋಡಿ ಉರ್ದುವಿನಲ್ಲಿ ಚಂದಾಗಿ ಬರೆದುಕೊಟ್ಟ. ಕ್ಲೋಸಪ್ ತೆಗೆದೆವು. ಪ್ರಸಾರವಾದ ಮೂರನೇ ವಾರ ಬೀದರಿನಿಂದ ಒಂದು ಪೋಸ್ಟ್‌ಕಾರ್ಡ್ ಬಂತು, ನಿವೃತ್ತ ಶಿಕ್ಷಕರೊಬ್ಬರದು: 'ಕಾರ್ಯಕ್ರಮ ಚೊಲೋ ಅದ. ಆದರ ಖ್ವಾಜಾ ಸಾಹೇಬರ ಪತ್ರದಾಗ ಎರಡು ಸೇರು ಹಾಲಿನ ಬಾಕಿ ಬರದದ್ದು ಕಾಣ್ತದ. ಆ ಬಾಕಿ ತೀರ್ತೇನ್ರಿ?' ಅಷ್ಟೇ. ಖೊಟ್ಟಿ ಪತ್ರದ ಕಥೆ ಹೇಳಲು ಹೋಗಿ ನಾನೇ ಒಂದು ಖೊಟ್ಟಿ ಪತ್ರ ಮಾಡಿದ್ದೆ. ಆಮೇಲೆ ವೇಷ ಹಾಕಿಸುವುದನ್ನೇ ಬಿಟ್ಟೆ.

ಇನ್ನು 1948. ಇದಕ್ಕೆ ಬಾರದೆ ಕಲಬುರಗಿಯಲ್ಲಿ ಇತಿಹಾಸದ ಮಾತು ಮುಗಿಯುವುದಿಲ್ಲ. ನಿಜಾಮರ ಹೈದರಾಬಾದ್ ರಾಜ್ಯವನ್ನು ಭಾರತಕ್ಕೆ ಸೇರಿಸಿದ, ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಆ್ಯಕ್ಷನ್. ಅದಕ್ಕೆ ಮೊದಲು ನಿಜಾಮರ ಪರ ನಿಂತ ಖಾಸಗಿ ಪಡೆಯವರ, ಅಂದರೆ ರಜಾಕಾರರ ಹಾವಳಿ. ಆಮೇಲೆ ಮುಸ್ಲಿಮರ ಮೇಲೆ ನಡೆದ ಸೇಡು. ಮೊದಲ ಎರಡನ್ನು ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿ ಹೇಳುತ್ತೇವೆ. ಮೂರನೆಯದನ್ನು ಮೆಲ್ಲಗೆ ಹೇಳುತ್ತೇವೆ. ದಿಲ್ಲಿ ಸರ್ಕಾರ ಕಳಿಸಿ, ಆ ವರ್ಷದ ಕೊನೆಗೆ ತಿರುಗಾಡಿ ಬಂದ ಸುಂದರಲಾಲ್ ಸಮಿತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು. ಅದರಲ್ಲಿ ಎರಡು ನಮ್ಮವು, ಕಲಬುರಗಿ ಮತ್ತು ಬೀದರ್. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಚಿತ್ರಗಳಂತೂ ಕೇಳಬೇಡಿ. ನಿಜಾಮರು ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಸರ್ದಾರ್ ಪಟೇಲರಿಗೆ ಕೈ ಮುಗಿಯುವ ಫೋಟೋ ಎಲ್ಲರೂ ನೋಡಿದ್ದೀರಿ. ಅದು 1949ರ ಫೆಬ್ರುವರಿಯದು. 'ಸೆಪ್ಟೆಂಬರ್ 17' ಅಂತ ಅದನ್ನು ತೋರಿಸುವವರು ಐದು ತಿಂಗಳು ನುಂಗಿಬಿಡುತ್ತಾರೆ. ನಾನೂ ಒಂದು ಸಲ ನುಂಗಿದ್ದೇನೆ.

1998ರಲ್ಲಿ, ಐವತ್ತು ವರ್ಷವಾದಾಗ, ಹಿರಿಯರ ಮಾತು ಹಿಡಿಯಲು ಹೊರಟೆವು. ಕೆಲವರು ಇಸವಿಯನ್ನು ನಿಜಾಮರ ಕಾಲದ ಫಸಲಿ ಲೆಕ್ಕದಲ್ಲಿ ಹೇಳುತ್ತಿದ್ದರು. ನಮ್ಮ ಇಸವಿ ಬೇಕಾದರೆ ಅದಕ್ಕೆ ತಿಂಗಳು ನೋಡಿಕೊಂಡು 590 ಇಲ್ಲವೇ 591 ಕೂಡಿಸಬೇಕು. ಬಸವಕಲ್ಯಾಣ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ. ಮೊದಲು ಒಲ್ಲೆ ಅಂದರು. ಆಮೇಲೆ, 'ಕೂಡ್ರಿ, ನನ್ನ ಕೆಲಸ ನಾ ಮಾಡಕೋತ ಹೇಳ್ತೀನಿ' ಅಂತ ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತ ಶುರುಮಾಡಿದರು. ಅವರ ಅಣ್ಣನನ್ನು ಕರೆದೊಯ್ದ ರಾತ್ರಿ. ಆಮೇಲೆ ಕೆಲವು ತಿಂಗಳಿಗೆ, ಪಕ್ಕದ ಓಣಿಯ ಗೆಳತಿಯನ್ನು ಅವರ ತಾಯಿ ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಮೂರು ದಿನ ಮುಚ್ಚಿಟ್ಟದ್ದು. ಅಣ್ಣನ ಮಾತಿಗೆ ನಿಲ್ಲದ ಕೈ ಗೆಳತಿಯ ಹೆಸರು ಬಂದಾಗ ನಿಂತಿತು. ನಮ್ಮ ಕ್ಯಾಮೆರಾ ಮುಖದ ಮೇಲಿತ್ತು. ಕೈ ನಿಂತದ್ದು ನಮಗೆ ಗೊತ್ತಾದದ್ದು ಸದ್ದಿನಿಂದ, ಮೊರದಲ್ಲಿ ಜೋಳ ಆಡುವ ಸದ್ದು ನಿಂತುಹೋದದ್ದರಿಂದ.

ಎರಡು ಕ್ಯಾಸೆಟ್ ಆಯಿತು, ಒಂದೊಂದೂ ಮೂವತ್ತು ನಿಮಿಷದ್ದು. ಕಾರ್ಯಕ್ರಮದಲ್ಲಿ ನಾನು ಬಳಸಿದ್ದು ಒಂದೂವರೆ ನಿಮಿಷ. ಅಣ್ಣನ ಭಾಗ.

ಉಳಿದದ್ದು? ಆಗ ಕ್ಯಾಸೆಟ್ ನನ್ನ ಕೈಯಿಂದಲೇ ಕೊಳ್ಳಬೇಕಿತ್ತು. ಚಳಿಗಾಲದಲ್ಲಿ ತೊಗರಿಯ ಕಾಯಿಕೊರಕ ಹುಳದ ಮೇಲೆ ಒಂದು ಕೃಷಿ ಕಾರ್ಯಕ್ರಮ ಸಿಕ್ಕಿತು. ಕೈಯಲ್ಲಿ ದುಡ್ಡಿರಲಿಲ್ಲ. ಕಪಾಟಿನಿಂದ ಆ ಎರಡು ಕ್ಯಾಸೆಟ್ ತೆಗೆದು, ಲೇಬಲ್ ಕಿತ್ತು, ಅವುಗಳ ಮೇಲೆಯೇ ಚಿತ್ರೀಕರಣ ಮಾಡಿದೆ. ಯಾರೂ ಹೇಳಿರಲಿಲ್ಲ. ಯಾರನ್ನೂ ನಾನು ಕೇಳಲೂ ಇಲ್ಲ.

ಹದಿಮೂರು ವರ್ಷದ ಮೇಲೆ ಅಜ್ಜಿಯ ಮೊಮ್ಮಗ ಮನೆ ಹುಡುಕಿಕೊಂಡು ಬಂದ. ಅಜ್ಜಿ ತೀರಿಕೊಂಡಿದ್ದರು. 'ಅವತ್ತ ನಮ್ಮ ಅಂಗಳದಾಗ ಒಂದ ತಾಸು ಮಾತಾಡಿದ್ದಳ್ರಿ. ಅದು ಕೊಡ್ರಿ ಸರ' ಅಂದ. ನಡೆದದ್ದು ಹೇಳಿದೆ. ಅವನು ಸಿಟ್ಟಾಗಲಿಲ್ಲ. ಆದರೂ ಹುಡುಕಿ ನೋಡ್ರಿ ಅಂತ ಹೋದ. ಹುಡುಕಿದೆ. ಒಂದು ಕ್ಯಾಸೆಟ್ ಪೂರ್ತಿ ಹುಳಗಳೇ. ಇನ್ನೊಂದರಲ್ಲಿ ಹುಳದ ಕಥೆ ಇಪ್ಪತ್ತೆರಡನೇ ನಿಮಿಷಕ್ಕೆ ಮುಗಿದು, ಚಿತ್ರ ಒಮ್ಮೆ ಹರಿದು, ಅಜ್ಜಿ ಬಂದರು.

ಹೈದರಾಬಾದಿನಲ್ಲಿ ಹಳೇ ಮಷೀನ್ ಇಟ್ಟುಕೊಂಡವರೊಬ್ಬರ ಕೋಣೆಯಲ್ಲಿ ನಾನೂ ಆ ಹುಡುಗನೂ ಕೂತು ಅದನ್ನು ನೋಡಿದೆವು. ಎಂಟು ನಿಮಿಷ. ಅಣ್ಣನ ಮಾತಿಲ್ಲ, ಗೆಳತಿಯ ಮಾತಿಲ್ಲ. ಎಲ್ಲಾ ಹೇಳಿ ಮುಗಿಸಿಯಾಗಿದೆ, ನಾವು ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದೇವೆ. ಮೊರದಲ್ಲಿ ಜೋಳ ಮತ್ತೆ ಆಡುತ್ತಿದೆ. ಕಲ್ಲು ಆರಿಸಿ ಬದಿಗೆ ಎಸೆಯುತ್ತಾರೆ. ಒಂದು ಕೋಳಿ ಹತ್ತಿರ ಬರುತ್ತದೆ, ಹುಶ್ ಅನ್ನುತ್ತಾರೆ. ಕೊನೆಗೆ ತಲೆ ಎತ್ತಿ, ಕ್ಯಾಮೆರಾದ ಹಿಂದೆ ನಿಂತ ನಮ್ಮನ್ನು ನೋಡಿ, 'ಹೊತ್ತಾತು, ಏಳ್ರೀ ಇನ್ನ. ರೊಟ್ಟಿ ಆರ್ತಾವ' ಅಂದರು.

ಹುಡುಗ ಅಷ್ಟನ್ನೇ ತನ್ನ ಮೊಬೈಲಿಗೆ ಹಾಕಿಸಿಕೊಂಡು ಹೋದ.