ಎಣ್ಣೆಯ ಗಸಿಗೂ ಲೆಕ್ಕ ಬೇಕು

ನಮಸ್ಕಾರ. ಅಡುಗೆ ಎಣ್ಣೆ ಶುದ್ಧ ಮಾಡುವಾಗ ಉಳಿಯುವ ಗಸಿಯಿಂದ ಡೀಸೆಲ್ ಮಾಡಬಹುದು. ಮಾಡಲೇಬೇಕು ಅನ್ನೋದು ನನ್ನ ಮಾತು. ಆದರೆ ಒಂದು ಷರತ್ತು ಇದೆ.

ಮೊದಲು ಈ ಗಸಿ ಎಲ್ಲಿಂದ ಬರುತ್ತದೆ ನೋಡಿ. ಮಂಗಳೂರು ಬಂದರಿಗೆ ಹಡಗಿನಲ್ಲಿ ಬರುವ ಕಚ್ಚಾ ತಾಳೆ ಎಣ್ಣೆಗೆ ರಿಫೈನರಿಯಲ್ಲಿ ಬಿಸಿ ಹಬೆ ಹಾಯಿಸುತ್ತಾರೆ. ಆಗ ಅದರಲ್ಲಿರುವ ಕೊಬ್ಬಿನಾಮ್ಲ ಬೇರೆಯಾಗುತ್ತದೆ, ನೂರು ಟನ್ನಿಗೆ ಹೆಚ್ಚುಕಮ್ಮಿ 4-5 ಟನ್. ಸೋಯಾ, ಸೂರ್ಯಕಾಂತಿ ಎಣ್ಣೆಗಾದರೆ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಆಗ ಕೊಬ್ಬಿನಾಮ್ಲ ಸಾಬೂನಾಗಿ ಸಿಗೋದು ಸೋಪ್‌ಸ್ಟಾಕ್. ಕಂದು ಬಣ್ಣದ, ಅಂಟಂಟಾದ ಗಸಿ. ಅದಕ್ಕೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಕಾಯಿಸಿದರೆ ಕಪ್ಪಗಿನ ಆಸಿಡ್ ಆಯಿಲ್ ಮೇಲೆ ತೇಲುತ್ತದೆ, ಆಸಿಡ್ ನೀರು ತಳದಲ್ಲಿ ನಿಲ್ಲುತ್ತದೆ.

ಒಳ್ಳೆ ಎಣ್ಣೆಯಿಂದ ಬಯೋಡೀಸೆಲ್ ಮಾಡೋದು ಸುಲಭ. ಮೆಥನಾಲ್ ಮತ್ತು ಕ್ಷಾರ ಸಾಕು. ಆಸಿಡ್ ಆಯಿಲ್‌ನಲ್ಲಿ ಕೊಬ್ಬಿನಾಮ್ಲವೇ ಜಾಸ್ತಿ, ಅದಕ್ಕೆ ನೇರವಾಗಿ ಕ್ಷಾರ ಹಾಕಿದರೆ ಮತ್ತೆ ಸಾಬೂನೇ ಆಗುತ್ತದೆ! ಹಾಗಾಗಿ ಮೊದಲು ಮೆಥನಾಲ್ ಜೊತೆ ಸ್ವಲ್ಪ ಆಸಿಡ್ ಹಾಕಿ ಕೊಬ್ಬಿನಾಮ್ಲ ತಗ್ಗಿಸಬೇಕು, ಹುಟ್ಟಿದ ನೀರು ತೆಗೆಯಬೇಕು. ಕ್ಷಾರ ಆಮೇಲೆ.

ಕೇಂದ್ರದ 2018ರ ಜೈವಿಕ ಇಂಧನ ನೀತಿಯ ಪಟ್ಟಿಯಲ್ಲಿ ಆಸಿಡ್ ಆಯಿಲ್ ಇದೆ. 2030ಕ್ಕೆ ಡೀಸೆಲ್‌ನಲ್ಲಿ ಶೇ 5 ಬಯೋಡೀಸೆಲ್ ಬೆರೆಸುವ ಗುರಿಯೂ ಇದೆ. ನಾವು ಅದರ ಹತ್ತಿರಕ್ಕೂ ಹೋಗಿಲ್ಲ. ಈ ಗಸಿ ಪುಕ್ಕಟೆ ಸಿಗೋ ಕಸವೂ ಅಲ್ಲ, ಸಾಬೂನು ತಯಾರಿಸುವವರು ಮೊದಲಿಂದಲೂ ದುಡ್ಡು ಕೊಟ್ಟು ಒಯ್ಯುತ್ತಾರೆ. ಡೀಸೆಲ್‌ಗೂ ಬೇಡಿಕೆ ಬಂದರೆ ಬೆಲೆ ಏರುತ್ತದೆ ಅಲ್ವಾ?

ನನ್ನ ಭಯ ಅಲ್ಲೇ ಇರೋದು. ಗಸಿಗೆ ಒಳ್ಳೆ ಬೆಲೆ ಬಂದರೆ ತಿನ್ನುವ ಎಣ್ಣೆಯೇ ಗಸಿಯ ಹೆಸರಲ್ಲಿ ಹೋಗುತ್ತದೆ. ಇದು ಸುಮ್ನೆ ಹೇಳೋ ಮಾತಲ್ಲ. 2025ರ ಜನವರಿಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ತ್ಯಾಜ್ಯದ ರಫ್ತಿಗೆ ಕಡಿವಾಣ ಹಾಕಿತು. ಗಿರಣಿಗಳಿಂದ ಹೊರಬರಲು ಸಾಧ್ಯವಿರುವುದಕ್ಕಿಂತ ಜಾಸ್ತಿ ತ್ಯಾಜ್ಯ ಹಡಗು ಹತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಅಡುಗೆ ಎಣ್ಣೆಯನ್ನು ಹೊರಗಿಂದ ತರಿಸುವ ನಮ್ಮಲ್ಲಿ ಹೀಗಾದರೆ ಪೆಟ್ಟು ನೇರ ಒಲೆಯ ಮೇಲಿನ ಬಾಣಲೆಗೆ.

ತಡೆಯೋದು ಕಷ್ಟವಲ್ಲ. ಬಂದ ಕಚ್ಚಾ ಎಣ್ಣೆಯಲ್ಲಿ ಕೊಬ್ಬಿನಾಮ್ಲ ಎಷ್ಟಿದೆ ಅಂತ ಪರೀಕ್ಷೆ ಮಾಡಿದರೆ ಎಷ್ಟು ಗಸಿ ಬರಬೇಕು ಅನ್ನೋ ಅಂದಾಜು ಮೊದಲೇ ಸಿಗುತ್ತದೆ. ಪ್ರತಿ ರಿಫೈನರಿಯ ಗೇಟಿನಲ್ಲೂ ಒಳಗೆ ಬಂದದ್ದು, ಹೊರಗೆ ಹೋದದ್ದು, ಗಸಿ ಯಾರಿಗೆ ಹೋಯಿತು ಅನ್ನೋದು ದಾಖಲಾಗಬೇಕು. ಆ ಲೆಕ್ಕ ತೋರಿಸಿದವರ ಆಸಿಡ್ ಆಯಿಲ್ ಮಾತ್ರ ಡೀಸೆಲ್ ಗುರಿಗೆ ಸೇರಲಿ. ತಳದಲ್ಲಿ ನಿಂತ ಆಸಿಡ್ ನೀರು ಎಲ್ಲಿಗೆ ಹೋಯಿತು ಅನ್ನೋದನ್ನೂ ಅದೇ ಪುಸ್ತಕದಲ್ಲಿ ಬರೆಯಲಿ.