ಗಲಾಟೆ ಆಗದೇ ಉಳಿದ ಸೀನುಗಳು

ಎಲ್ರಿಗೂ ನಮಸ್ಕಾರ. ನಂಗೆ ಕೊಟ್ಟಿರೋ ವಿಷಯ ವಿವಾದ ಆದ ಹಳೇ ಸಿನಿಮಾಗಳು. ಅಂದ್ರೆ ಬ್ಯಾನ್ ಆಗಿದ್ದು, ಕಲ್ಲು ಬಿದ್ದಿದ್ದು, ಅಂಥವು. ಅದನ್ನ ಮಾತಾಡ್ತೀನಿ, ಆದ್ರೆ ಬಹಳ ದಿನದಿಂದ ನನ್ನ ತಲೆ ಕೊರೀತಿರೋದು ಆವಾಗ ಯಾರೂ ತಕರಾರೇ ಎತ್ತದ ಸೀನುಗಳು, ಅದನ್ನೂ ಜೊತೆಗೇ ಹೇಳಿಬಿಡ್ತೀನಿ.

ಮೊದಲು ಸಂಸ್ಕಾರ. 1970. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಪಂಡಿತ ಪ್ರಾಣೇಶಾಚಾರ್ಯ ಆಗಿ ಗಿರೀಶ್ ಕಾರ್ನಾಡ್, ಚಂದ್ರಿ ಆಗಿ ಸ್ನೇಹಲತಾ ರೆಡ್ಡಿ. ಅಗ್ರಹಾರದಲ್ಲಿ ಒಂದು ಹೆಣ ಬಿದ್ದಿದೆ, ಚಂದ್ರಿ ಜೊತೆ ಬಾಳ್ತಿದ್ದವನದ್ದು, ಅದರ ಸಂಸ್ಕಾರ ಯಾರು ಮಾಡ್ಬೇಕು ಅನ್ನೋದು ತೀರ್ಮಾನ ಆಗ್ತಿಲ್ಲ. ಜಾತಿ ಜಗಳ ಆಗುತ್ತೆ ಅಂತ ಮದ್ರಾಸಿನ ಸೆನ್ಸಾರ್‌ನವ್ರು ಅದನ್ನ ತಡೆದ್ರು, ಆಮೇಲೆ ತಡೆ ತೆರವಾಯ್ತು, ಅದೇ ಸಿನಿಮಾಗೆ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿನೂ ಬಂತು. ಇವತ್ತು ಅದನ್ನ ಹುಡುಗ್ರಿಗೆ ತೋರಿಸಿದ್ರೆ ಬ್ಯಾನ್ ಯಾಕೆ ಮಾಡಿದ್ರು ಅಂತಾನೇ ಅವ್ರಿಗೆ ಅರ್ಥ ಆಗಲ್ಲ. ಅವ್ರು ಕೇಳೋದೇ ಬೇರೆ. ಆಚಾರ್ಯರ ತಳಮಳಕ್ಕೆ ಇಷ್ಟೊಂದು ಹೊತ್ತು ಕೊಟ್ಟಿದಾರಲ್ಲ, ಚಂದ್ರಿ ಮನಸ್ಸಲ್ಲಿ ಏನಿತ್ತು? ಹೆಣದ ಖರ್ಚಿಗೆ ಅಂತ ಮೈಮೇಲಿನ ಒಡವೆ ಬಿಚ್ಚಿ ಇಟ್ಟೋಳು ಅವಳು, ಕೊನೆಗೆ ಯಾರ ಶಾಸ್ತ್ರಕ್ಕೂ ಕಾಯದೆ ಹೆಣ ಸುಡಿಸಿದ್ದೂ ಅವಳೇ, ಆದ್ರೂ ಕಥೆ ಅವಳನ್ನ ಬಿಟ್ಟು ಆಚಾರ್ಯರ ಹಿಂದೆ ಹೋಗುತ್ತೆ. ನಂಗೆ ಸಂಸ್ಕಾರ ತುಂಬಾ ಇಷ್ಟ, ಇಷ್ಟ ಇರೋದಕ್ಕೇ ಈ ಪ್ರಶ್ನೆನೂ ಬೇಕು ಅನ್ಸುತ್ತೆ.

ಈಗ ಗಲಾಟೆ ಆಗದೇ ಇದ್ದಿದ್ದಕ್ಕೆ ಬರ್ತೀನಿ. ನಾಗರಹಾವು, 1972, ಪುಟ್ಟಣ್ಣ ಕಣಗಾಲ್. ಅಂಬರೀಶ್ ಅವರ ಮೊದಲ ಸಿನಿಮಾ, ಪಾತ್ರದ ಹೆಸರು ಜಲೀಲ. ಸೈಕಲ್ ಮೇಲೆ ಬಂದು ಅಲಮೇಲುನ ರಸ್ತೇಲಿ ಕಾಡಿಸ್ತಾನೆ, ಬುಲ್ ಬುಲ್ ಮಾತಾಡಕಿಲ್ವಾ ಅಂತ. ನಮ್ಮಲ್ಲಿ ಈ ಡೈಲಾಗ್ ಗೊತ್ತಿಲ್ದೇ ಇರೋರು ಯಾರಿದಾರೆ ಹೇಳಿ. ಮಿಮಿಕ್ರಿ ಅಂದ್ರೆ ಅದೇ, ಸ್ಕೂಲ್ ಡೇ ಅಂದ್ರೆ ಅದೇ. 2018ರಲ್ಲಿ ನಾಗರಹಾವು ಹೊಸದಾಗಿ ಡಿಜಿಟಲ್ ಮಾಡಿ ರಿಲೀಸ್ ಮಾಡಿದಾಗ ನಾವು ಮನೆಯವರೆಲ್ಲ ಹೋಗಿದ್ವಿ. ಆ ಸೀನ್ ಬಂದಾಗ ಇಡೀ ಥಿಯೇಟರ್ ಶಿಳ್ಳೆ, ನಾನೂ ಹೊಡೆದೆ. ಪಕ್ಕದಲ್ಲಿ ನಮ್ಮಕ್ಕ ಕೂತಿದ್ಲು, ಅವಳು ನಗ್ಲಿಲ್ಲ, ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಎಳೆಯೋದು ಮುಚ್ಚೋದು ಮಾಡ್ತಾ ಇದ್ಲು. ಆಚೆ ಬಂದ್ಮೇಲೆ ಏನಾಯ್ತೇ ಅಂತ ಕೇಳ್ದೆ. ಪಿಯುಸಿ ಎರಡು ವರ್ಷನೂ ಒಬ್ಬ ಇದೇ ಮಾತು ಹೇಳ್ಕೊಂಡು ಸೈಕಲ್‌ನಲ್ಲಿ ಹಿಂದೆ ಬರ್ತಿದ್ದ ಕಣೋ, ನಾನು ಕಾಲೇಜಿಗೆ ಸುತ್ತು ದಾರೀಲಿ ಹೋಗ್ತಿದ್ದೆ, ನಿನಗೆ ಗೊತ್ತೇ ಇಲ್ಲ ಅಲ್ವಾ ಅಂದ್ಲು. ಹೌದು, ಗೊತ್ತಿರ್ಲಿಲ್ಲ. ಒಂದೇ ಮನೇಲಿದ್ವಿ.

ಆಮೇಲೆ ಆ ಸೀನ್ ಮನೇಲಿ ಮತ್ತೆ ಮತ್ತೆ ನೋಡಿದೆ. ಪುಟ್ಟಣ್ಣ ಅದನ್ನ ತಮಾಷೆ ಅಂತ ತೆಗೆದಿಲ್ಲ. ಅಲಮೇಲು ಮುಖದಲ್ಲಿ, ಆರತಿಯವರ ಮುಖದಲ್ಲಿ, ಹೆದರಿಕೆ ಇದೆ, ಹೀರೋ ರಾಮಾಚಾರಿ ಜಲೀಲನಿಗೆ ಹೊಡೀತಾನೆ, ಸಿನಿಮಾ ಯಾರ ಕಡೆ ಇದೆ ಅನ್ನೋದ್ರಲ್ಲಿ ಅನುಮಾನವೇ ಇಲ್ಲ. ಆ ಹೆದರಿಕೆನ ಪಕ್ಕಕ್ಕಿಟ್ಟು ಡೈಲಾಗ್ ಮಾತ್ರ ಎತ್ಕೊಂಡು ಮನೆಗೆ ಬಂದಿದ್ದು ನಾವು. ಇದೇ ಅಲಮೇಲು ಮುಂದೆ ಎಲ್ಲಿಗೆ ಹೋಗಿ ಮುಟ್ತಾಳೆ ಅನ್ನೋದೂ ಅದೇ ಸಿನಿಮಾದಲ್ಲಿದೆ, ಅದಕ್ಕೆ ಶಿಳ್ಳೆ ಬೀಳಲ್ಲ. ಹಾಗಾಗಿ ಹಳೇ ಸಿನಿಮಾ ಕೆಟ್ಟದು ಅಂತ ಒಂದೇ ಮಾತಲ್ಲಿ ಹೇಳೋರ ಜೊತೆ ನಂಗೆ ಜಗಳ ಇದೆ, ಕೆಲವು ಸಲ ಸಿನಿಮಾ ಸರಿಯಾಗೇ ಇರುತ್ತೆ, ನೋಡೋ ಕಣ್ಣು ತಪ್ಪಿರುತ್ತೆ.

ಎಲ್ಲಾ ಸಲ ಅಲ್ಲ, ಅದನ್ನೂ ಒಪ್ಕೋಬೇಕು. ಜಂಬದ ಹುಡುಗಿನ ಗಂಡ ಪಳಗಿಸೋ ಕಥೆಗಳಿವೆಯಲ್ಲ, 1976ರ ಬಹದ್ದೂರ್ ಗಂಡು, 1989ರ ನಂಜುಂಡಿ ಕಲ್ಯಾಣ, ಅವುಗಳಲ್ಲಿ ಸಿನಿಮಾನೇ ಗಂಡನ ಪರ ನಿಂತಿರುತ್ತೆ. ಹಾಡು ಚೆನ್ನಾಗಿರುತ್ತೆ, ಮಾಲಾಶ್ರೀ ಅವರ ಆ ಚುರುಕು ಎಷ್ಟು ನೋಡಿದ್ರೂ ಸಾಕಾಗಲ್ಲ, ಆದ್ರೂ ಕೊನೇಲಿ ಅವಳು ತಲೆ ತಗ್ಗಿಸಿದಾಗ ನಂಗೆ ಈಗ ಸಂತೋಷ ಆಗಲ್ಲ.

ಹೊರಗಡೆನೂ ಹಿಂಗೇ. ಹಾಲಿವುಡ್‌ನ ಗಾನ್ ವಿತ್ ದ ವಿಂಡ್ 1939ರದ್ದು. ಗುಲಾಮಗಿರಿನ ಚಂದದ ಹಳೇ ಕಾಲ ಅನ್ನೋ ಥರ ತೋರಿಸುತ್ತೆ. ಅದರಲ್ಲಿ ಮಾಡಿದ ಹ್ಯಾಟೀ ಮೆಕ್‌ಡೇನಿಯಲ್ ಅವರು ಆಸ್ಕರ್ ಗೆದ್ದ ಮೊದಲ ಕಪ್ಪು ಜನಾಂಗದ ಕಲಾವಿದೆ, ಆದ್ರೆ 1940ರ ಆ ಸಮಾರಂಭದಲ್ಲೇ ಅವರನ್ನ ಉಳಿದ ಕಲಾವಿದರ ಜೊತೆ ಕೂರಿಸದೆ ಗೋಡೆ ಹತ್ರ ಬೇರೆ ಟೇಬಲ್ ಹಾಕಿದ್ರು. 2020ರಲ್ಲಿ ಎಚ್‌ಬಿಓ ಮ್ಯಾಕ್ಸ್ ಅನ್ನೋ ಸ್ಟ್ರೀಮಿಂಗ್ ಸೇವೆ ಈ ಸಿನಿಮಾನ ಸ್ವಲ್ಪ ದಿನ ತೆಗೆದು, ಇತಿಹಾಸ ವಿವರಿಸೋ ಒಂದು ಮುನ್ನುಡಿ ವಿಡಿಯೋ ಸೇರಿಸಿ ವಾಪಸ್ ಹಾಕ್ತು. ಕೆಲವ್ರು ಇದನ್ನ ಸೆನ್ಸಾರ್ ಅಂತ ಬೈದ್ರು, ನಂಗೆ ಹಂಗನ್ಸಲ್ಲ, ಒಂದು ಫ್ರೇಮೂ ಕತ್ತರಿಸಿಲ್ಲ, ಆ ಟೇಬಲ್ ಎಲ್ಲಿತ್ತು ಅಂತ ತಿಳ್ಕೊಂಡು ನೋಡಿದ್ರೆ ಆಕೆಯ ನಟನೆ ಇನ್ನೂ ದೊಡ್ಡದಾಗಿ ಕಾಣುತ್ತೆ. ಕತ್ತರಿಸೋದು ಬೇಡವೇ ಬೇಡ. ಕತ್ತರಿಸಿದ್ರೆ ನಾವು ಏನಕ್ಕೆ ಚಪ್ಪಾಳೆ ಹೊಡೆದ್ವಿ ಅನ್ನೋ ಸಾಕ್ಷಿನೇ ಹೋಗುತ್ತೆ.

ಫೈರ್ ಬಗ್ಗೆ ಎರಡೇ ಮಾತು, ಇಬ್ಬರು ಹೆಂಗಸ್ರ ಪ್ರೀತಿ ತೋರಿಸಿದ ದೀಪಾ ಮೆಹ್ತಾ ಅವರ ಸಿನಿಮಾ ಅದು. 1998ರಲ್ಲಿ ಅದಕ್ಕೆ ಥಿಯೇಟರ್ ಗಾಜು ಒಡೆದ್ರು, ಸೆನ್ಸಾರ್ ಅದನ್ನ ಕಟ್ ಇಲ್ದೇ ಪಾಸ್ ಮಾಡಿತ್ತು ಆದ್ರೂ. ಇಪ್ಪತ್ತು ವರ್ಷಕ್ಕೆ, 2018ರ ಸೆಪ್ಟೆಂಬರ್‌ನಲ್ಲಿ, ಒಪ್ಪಿಗೆ ಇರೋ ವಯಸ್ಕರ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳ್ತು. ನಡುವಿನ ಇಪ್ಪತ್ತು ವರ್ಷ ಹೆದರ್ಕೊಂಡು ಬದುಕಿದೋರಿಗೆ ಯಾರು ಲೆಕ್ಕ ಕೊಡ್ತಾರೆ?

ಮುಂದಿನ ಭಾನುವಾರ ಇಲ್ಲೇ ಶರಪಂಜರ ಹಾಕ್ತಿದೀವಿ. 1971ರದ್ದು, ತ್ರಿವೇಣಿಯವರ ಕಥೆ, ಕಲ್ಪನಾ ಅವರ ಕಾವೇರಿ. ಹೆರಿಗೆ ಆದ್ಮೇಲೆ ಮನಸ್ಸು ಕೆಟ್ಟು, ಆಸ್ಪತ್ರೇಲಿ ವಾಸಿಯಾಗಿ ಮನೆಗೆ ಬರ್ತಾಳೆ, ಮನೆಯವರೇ ಅವಳನ್ನ ಹುಚ್ಚಿ ಥರ ನೋಡಿ ನೋಡಿ ಮತ್ತೆ ಅಲ್ಲಿಗೇ ಕಳಿಸ್ತಾರೆ. ಮನೇಲಿರೋ ಅಮ್ಮ, ಅಕ್ಕ, ಅತ್ತೆ ಎಲ್ರನ್ನೂ ಕರ್ಕೊಂಡು ಬನ್ನಿ. ಸಿನಿಮಾ ಮುಗಿದ್ಮೇಲೆ ಮೈಕು ಮೊದಲು ಅವ್ರ ಕೈಗೆ ಕೊಡೋಣ, ನಾವು ಗಂಡಸ್ರು ಅವತ್ತು ಬರೀ ಕೇಳೋಣ.