ಐವತ್ತನೇ ಪಿಕ್: ಥಾರ್ನ್‌ಟನ್ ಅವರನ್ನು ಬೇಗ ಆರಿಸಿದ್ದು ತಪ್ಪೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಮಾತಾಡುವ ಅವಕಾಶ ಸಿಗುವುದೇ ಅಪರೂಪ. ಹಾಗಾಗಿ ಇವತ್ತು ಒಂದೇ ಒಂದು ಆಯ್ಕೆಯನ್ನು ಹಿಡಿದು ಮಾತಾಡುತ್ತೇನೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ 2022ರ ಡ್ರಾಫ್ಟಿನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, 50ನೇ ಪಿಕ್ (ಆಯ್ಕೆಯ ಸರದಿ) ಬಳಸಿ ಬೇಲರ್ ವಿಶ್ವವಿದ್ಯಾಲಯದ ರಿಸೀವರ್ (ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರ) ಟೈಕ್ವಾನ್ ಥಾರ್ನ್‌ಟನ್ ಅವರನ್ನು ತೆಗೆದುಕೊಂಡಿತು. ನಾಲ್ಕನೇ ಸುತ್ತಿಗೋ ಅದರಾಚೆಗೋ ಸಿಗಬಹುದಾದ ಆಟಗಾರ ಎಂದು ಬಹಳ ಮಂದಿ ಎಣಿಸಿದ್ದವರು ಎರಡನೇ ಸುತ್ತಿನಲ್ಲೇ ಹೋದರು. ‘ತುಂಬಾ ಬೇಗ ಆಯ್ತು’ ಎಂಬ ಕೂಗು ಆ ರಾತ್ರಿಯೇ ಎದ್ದಿತು.

ಕ್ರಿಕೆಟ್ ಮಾತ್ರ ನೋಡುವವರಿಗೆ ಒಂದು ವಿವರಣೆ. ಐಪಿಎಲ್ ಹರಾಜಿನಲ್ಲಿ ದುಡ್ಡು ಇಟ್ಟವರಿಗೆ ಆಟಗಾರ ಸಿಗುತ್ತಾರೆ. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟಿನಲ್ಲಿ ಹರಾಜು ಕೂಗುವುದಿಲ್ಲ, ಸರದಿ ಇರುತ್ತದೆ. 32 ತಂಡ, 7 ಸುತ್ತು; ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಸರದಿಯನ್ನು ತಂಡಗಳು ಅದಲುಬದಲು ಮಾಡಿಕೊಳ್ಳಬಹುದು. ಪೇಟ್ರಿಯಟ್ಸ್ ಅವತ್ತು ಮಾಡಿದ್ದೂ ಅದನ್ನೇ. ತಮ್ಮ 54ನೇ ಪಿಕ್ಕಿನ ಜೊತೆಗೆ ಐದನೇ ಸುತ್ತಿನ 158ನೇ ಪಿಕ್ಕನ್ನೂ ಕನ್ಸಾಸ್ ಸಿಟಿ ಚೀಫ್ಸ್‌ಗೆ ಕೊಟ್ಟು ನಾಲ್ಕು ಸ್ಥಾನ ಮೇಲೇರಿದರು. 1990ರ ದಶಕದ ಶುರುವಿನಲ್ಲಿ ಡಲಾಸ್ ಕೌಬಾಯ್ಸ್‌ನ ಕೋಚ್ ಜಿಮ್ಮಿ ಜಾನ್ಸನ್ ಬಳಕೆಗೆ ತಂದ, ಪಿಕ್ಕುಗಳಿಗೆ ಬೆಲೆ ಕಟ್ಟುವ ಪಟ್ಟಿಯಲ್ಲಿ 50ನೇ ಪಿಕ್ಕಿಗೆ 400 ಅಂಕ, 54ನೇ ಪಿಕ್ಕಿಗೆ 360. ಲೆಕ್ಕದ ಮಟ್ಟಿಗೆ ವ್ಯಾಪಾರ ಸರಿಯಾಗೇ ಇತ್ತು.

ಮೇಲೇರುವ ಆತುರಕ್ಕೂ ಕಾರಣವಿತ್ತು. ಆ ವರ್ಷ ರಿಸೀವರ್‌ಗಳು ಬೇಗ ಬೇಗ ಖಾಲಿಯಾಗುತ್ತಿದ್ದರು. ಮೊದಲ ಸುತ್ತಿನಲ್ಲೇ ಆರು ಮಂದಿ ಹೋಗಿದ್ದರು, ಥಾರ್ನ್‌ಟನ್ ಹತ್ತನೆಯವರು. ಅವರ ಹಿಂದೆಯೇ 52ನೇ ಪಿಕ್ಕಿನಲ್ಲಿ ಸ್ಟೀಲರ್ಸ್ ಜಾರ್ಜ್ ಪಿಕೆನ್ಸ್ ಅವರನ್ನು, 53ರಲ್ಲಿ ಕೋಲ್ಟ್ಸ್ ಆಲೆಕ್ ಪಿಯರ್ಸ್ ಅವರನ್ನು, 54ರಲ್ಲಿ, ಅಂದರೆ ಪೇಟ್ರಿಯಟ್ಸ್ ಬಿಟ್ಟುಕೊಟ್ಟ ಜಾಗದಲ್ಲೇ, ಚೀಫ್ಸ್ ಸ್ಕೈ ಮೂರ್ ಅವರನ್ನು ಆರಿಸಿದರು. ಐದು ಪಿಕ್ಕಿನೊಳಗೆ ನಾಲ್ವರು ರಿಸೀವರ್‌ಗಳು. ಈ ನಾಲ್ವರಲ್ಲಿ ಯಾರನ್ನು ಬೇಕಾದರೂ ಮೊದಲು ಎತ್ತಿಕೊಳ್ಳುವ ಹಕ್ಕನ್ನು ಪೇಟ್ರಿಯಟ್ಸ್ ಬೆಲೆ ತೆತ್ತು ಕೊಂಡಿದ್ದರು. ಹಾಗೆ ಕೊಂಡ ಹಕ್ಕನ್ನು ಬಳಸಿದ್ದು ಥಾರ್ನ್‌ಟನ್ ಮೇಲೆ.

ಮೊದಲ ವರ್ಷದ ಅಂಕಿಗಳನ್ನು ನೋಡಿ: ಹಿಡಿದ ಕ್ಯಾಚ್ ಎಷ್ಟು, ಅವುಗಳಿಂದ ತಂಡ ಎಷ್ಟು ಯಾರ್ಡ್ ಮುಂದೆ ಸಾಗಿತು ಎಂದು. ಪಿಕೆನ್ಸ್ 52 ಕ್ಯಾಚ್, 801 ಯಾರ್ಡ್. ಪಿಯರ್ಸ್ 41 ಕ್ಯಾಚ್, 593 ಯಾರ್ಡ್. ಥಾರ್ನ್‌ಟನ್ 22 ಕ್ಯಾಚ್, 247 ಯಾರ್ಡ್. ಇಷ್ಟು ಹೇಳಿ ನಿಲ್ಲಿಸಿದರೆ ಟೀಕಾಕಾರರು ಗೆದ್ದ ಹಾಗೆ. ಆದರೆ ಸ್ಕೈ ಮೂರ್ ಗಳಿಸಿದ್ದೆಷ್ಟು ಗೊತ್ತೇ? 22 ಕ್ಯಾಚ್, 250 ಯಾರ್ಡ್. ಕ್ಯಾಚ್ ಸರಿಸಮ, ಯಾರ್ಡಿನಲ್ಲಿ ಮೂರರ ವ್ಯತ್ಯಾಸ. ಮೂರ್ ಅವರಿಗೆ ಚೆಂಡು ಎಸೆಯುತ್ತಿದ್ದವರು ಲೀಗಿನ ಅತ್ಯುತ್ತಮ ಎಸೆತಗಾರರಲ್ಲಿ ಒಬ್ಬರಾದ ಪ್ಯಾಟ್ರಿಕ್ ಮಹೋಮ್ಸ್. ಹಾಗಿದ್ದೂ ಮೂರ್ ಅವರನ್ನು ‘ಬೇಗ ಆರಿಸಿದರು’ ಎಂದವರು ವಿರಳ, ಏಕೆಂದರೆ ಮಾಧ್ಯಮದ ಪಟ್ಟಿಗಳಲ್ಲಿ ಅವರ ಹೆಸರು ಮೇಲಿತ್ತು. ಆಟ ಒಂದೇ ಮಟ್ಟದ್ದು, ತೀರ್ಪು ಮಾತ್ರ ಬೇರೆ ಬೇರೆ. ಟಿವಿಯಲ್ಲಿ ಕೂತವರ ಪಟ್ಟಿಯನ್ನು ಅಳತೆಗೋಲು ಮಾಡಿಕೊಂಡರೆ ಇಂಥ ಅನ್ಯಾಯ ಆಗಿಯೇ ಆಗುತ್ತದೆ. ಆ ಅಳತೆಗೋಲನ್ನು ನಾನು ಒಪ್ಪುವುದಿಲ್ಲ.

ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಡ್ರಾಫ್ಟಿನ ಬಗ್ಗೆಯೇ ಅಧ್ಯಯನ ಮಾಡಿದ್ದಾರೆ. ಈ ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದರೆ, ಮೊದಲು ಆಯ್ಕೆಯಾದವರೇ ಮುಂದೆ ಹೆಚ್ಚು ಚೆನ್ನಾಗಿ ಆಡುವ ಸಾಧ್ಯತೆ ನೂರಕ್ಕೆ 52ರ ಆಸುಪಾಸು ಎಂದು ಅವರು ಕಂಡುಕೊಂಡರು. ಹೆಚ್ಚುಕಡಿಮೆ ಟಾಸ್ ಹಾಕಿದಷ್ಟೇ. ಹಾಗಿರುವಾಗ ನಾಲ್ಕು ಸ್ಥಾನ ಮುಂದೋ ಹಿಂದೋ ಎಂದು ಜಗಳವಾಡುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ. ಕೇಳಬೇಕಾದದ್ದು ಬೇರೆ: ಈ ಆಟಗಾರರಿಂದ ಯಾವ ಕೆಲಸ ಮಾಡಿಸಲು ತಂಡ ಹೊರಟಿತ್ತು? ಆ ಕೆಲಸಕ್ಕೆ ಬೇಕಾದ ಸರಂಜಾಮು ತಂಡದ ಬಳಿ ಇತ್ತೇ?

ಥಾರ್ನ್‌ಟನ್ ಅವರ ಬಂಡವಾಳ ವೇಗ. ಡ್ರಾಫ್ಟಿಗೆ ಮುಂಚಿನ ಕಂಬೈನ್ ಪರೀಕ್ಷೆಯಲ್ಲಿ 40 ಯಾರ್ಡ್ ಓಟ ಮುಗಿಸಿದಾಗ ಪರದೆಯ ಮೇಲೆ ಮೊದಲು ಬಂದದ್ದು 4.21 ಸೆಕೆಂಡ್. ಆಗಿನ ದಾಖಲೆ 4.22. ಅಧಿಕೃತ ಸಮಯ ಕೊನೆಗೆ 4.28 ಎಂದಾಯಿತು, ಅದೂ ಆ ವರ್ಷದ ರಿಸೀವರ್‌ಗಳಲ್ಲೇ ಅತಿ ವೇಗ. ಬರೀ ಓಟಗಾರರೂ ಅಲ್ಲ. ಬೇಲರ್‌ನಲ್ಲಿ ಕೊನೆಯ ವರ್ಷ 62 ಕ್ಯಾಚ್, 948 ಯಾರ್ಡ್, 10 ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟುವುದು) ಗಳಿಸಿದ್ದರು.

ಆದರೆ ಕಂಬೈನ್‌ನಲ್ಲಿ ಎದುರಿಗೆ ಯಾರೂ ನಿಂತಿರುವುದಿಲ್ಲ. ಮೈದಾನದಲ್ಲಿ ಚೆಂಡು ಹೊರಟ ಕ್ಷಣವೇ ಕಾರ್ನರ್‌ಬ್ಯಾಕ್, ಅಂದರೆ ರಿಸೀವರ್‌ನನ್ನು ಕಾಯುವ ಎದುರಾಳಿ, ಎದೆಗೆ ಕೈಯಿಟ್ಟು ತಡೆಯುತ್ತಾನೆ. ರಿಸೀವರ್ ಮೊದಲು ಆ ಕೈಯನ್ನು ಬಡಿದು ಸರಿಸಬೇಕು, ಭುಜ ತಗ್ಗಿಸಿ ಪಕ್ಕಕ್ಕೆ ನುಸುಳಬೇಕು, ಆಮೇಲಷ್ಟೇ ಓಟ. ಥಾರ್ನ್‌ಟನ್ ಆರಡಿ ಎರಡು ಅಂಗುಲಕ್ಕೂ ಎತ್ತರ, ತೂಕ ಮಾತ್ರ 181 ಪೌಂಡ್. ಮೊದಲ ಎರಡು ಹೆಜ್ಜೆಯಲ್ಲಿ ತಡೆದು ನಿಲ್ಲಿಸಿದರೆ 4.28ರ ವೇಗ ಏನೂ ಮಾಡಲಾರದು. ತಪ್ಪಿಸಿಕೊಂಡು ಓಡಿದರೂ, ಅವರು ದೂರ ತಲುಪುವವರೆಗೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮುಂದೆ ಕಾವಲು ನಿಂತ ಆಟಗಾರರ ಗೋಡೆ ಮೂರು ಸೆಕೆಂಡಾದರೂ ತಡೆದುಕೊಳ್ಳಬೇಕು. ದೂರದ ಎಸೆತಕ್ಕೆ ಕೈಬಲವೂ ಬೇಕು, ಆ ಎಸೆತವನ್ನು ನಂಬಿ ಆಟ ಹೆಣೆಯುವ ಕೋಚ್ ಕೂಡ ಬೇಕು.

ಪೇಟ್ರಿಯಟ್ಸ್‌ನಲ್ಲಿ ಆಗ ಇದ್ದದ್ದು ಏನು? ಆಕ್ರಮಣ ವಿಭಾಗದ ಕೋಚ್ ಜಾಶ್ ಮೆಕ್‌ಡೇನಿಯಲ್ಸ್ ಅದೇ ವರ್ಷ ರೇಡರ್ಸ್‌ಗೆ ಹೋಗಿದ್ದರು. ಅವರ ಜಾಗದಲ್ಲಿ ಯಾವ ಆಟ ಆಡಬೇಕೆಂದು ಹೇಳುತ್ತಿದ್ದವರು ಮ್ಯಾಟ್ ಪ್ಯಾಟ್ರಿಶಿಯಾ. ಅವರ ಹೆಸರು ಇದ್ದದ್ದೇ ರಕ್ಷಣಾ ವಿಭಾಗದ ಕೋಚ್ ಆಗಿ. ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಅವರ ಗಟ್ಟಿತನ ಇದ್ದದ್ದು ಸಣ್ಣ, ಕರಾರುವಾಕ್ ಎಸೆತಗಳಲ್ಲಿ. ಮರುವರ್ಷ ಬಿಲ್ ಓಬ್ರಿಯನ್ ಬಂದರು, ಅದರ ಮರುವರ್ಷ ಆಲೆಕ್ಸ್ ವ್ಯಾನ್ ಪೆಲ್ಟ್. ಮೂರು ವರ್ಷಕ್ಕೆ ಮೂರು ಬಗೆಯ ಆಟ, ಮೂರು ಬಗೆಯ ಪರಿಭಾಷೆ. ಇದರ ನಡುವೆ ಮೊದಲ ಋತು ಶುರುವಾಗುವ ಮುಂಚೆಯೇ ಥಾರ್ನ್‌ಟನ್ ಅವರ ಕಾಲರ್‌ಬೋನ್ (ಕುತ್ತಿಗೆ ಬುಡದ ಮೂಳೆ) ಮುರಿಯಿತು, ಮುಂದೆ ಭುಜಕ್ಕೂ ಪೆಟ್ಟಾಯಿತು. 2024ರ ನವೆಂಬರಿನಲ್ಲಿ ತಂಡ ಅವರನ್ನು ಕೈಬಿಟ್ಟಾಗ ಲೆಕ್ಕ ಒಟ್ಟು 39 ಕ್ಯಾಚ್, 385 ಯಾರ್ಡ್.

ಈ ಯುವಕನ ಮೇಲೆ ನನಗೆ ಕನಿಕರವಿದೆ, ಅದನ್ನು ಮುಚ್ಚಿಡುವುದಿಲ್ಲ. ಎಷ್ಟನೇ ಪಿಕ್ಕಿನಲ್ಲಿ ತನ್ನನ್ನು ಆರಿಸಬೇಕೆಂದು ಯಾವ ಆಟಗಾರನೂ ಹೇಳಿಕೊಟ್ಟಿರುವುದಿಲ್ಲ. ಆದರೂ ‘ಬೇಗ ಆರಿಸಲ್ಪಟ್ಟವರು’ ಎಂಬ ಹಣೆಪಟ್ಟಿಯನ್ನು ಆತನೇ ಹೊರಬೇಕು. ಐದನೇ ಸುತ್ತಿನಲ್ಲಿ ಬಂದು 22 ಕ್ಯಾಚ್ ಹಿಡಿದಿದ್ದರೆ ಇದೇ ಜನ ಬೆನ್ನು ತಟ್ಟುತ್ತಿದ್ದರು.

ಹಾಗಾದರೆ ತಡವಾಗಿ ಬಂದವರನ್ನೇ ನಂಬಬೇಕೇ? ಪೇಟ್ರಿಯಟ್ಸ್ ಅಭಿಮಾನಿಗಳ ಬಾಯಲ್ಲಿ ಸದಾ ಬರುವ ಹೆಸರು ಜೂಲಿಯನ್ ಎಡೆಲ್‌ಮನ್. 2009ರಲ್ಲಿ 232ನೇ ಪಿಕ್, ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಕೊನೆಗೆ 53ನೇ ಸೂಪರ್ ಬೌಲ್‌ನ, ಅಂದರೆ ಲೀಗಿನ ಫೈನಲ್ ಪಂದ್ಯದ, ಶ್ರೇಷ್ಠ ಆಟಗಾರ. 2023ರಲ್ಲಿ ರ್‍ಯಾಮ್ಸ್ ತಂಡಕ್ಕೆ 177ನೇ ಪಿಕ್ಕಿನಲ್ಲಿ ಸಿಕ್ಕ ಪೂಕಾ ನಕುವಾ ಮೊದಲ ವರ್ಷವೇ 105 ಕ್ಯಾಚ್, 1,486 ಯಾರ್ಡ್ ಗಳಿಸಿ ದಾಖಲೆ ಬರೆದರು. ಆದರೆ ಅದೇ ಸುತ್ತುಗಳಲ್ಲಿ ಬಂದು ಒಂದು ಪಂದ್ಯವನ್ನೂ ಆಡದೆ ಮನೆಗೆ ಹೋದವರ ಹೆಸರು ನಮಗೆ ನೆನಪಿಲ್ಲ. ನಕುವಾ ಅವರಿಗೆ ಮೈಬಲವಿತ್ತು, ಅದನ್ನು ಬಳಸಿಕೊಳ್ಳುವ ಆಟ ತಂಡದ ಕೋಚ್ ಶಾನ್ ಮೆಕ್‌ವೇ ಬಳಿ ಮೊದಲೇ ಸಿದ್ಧವಿತ್ತು. ಆ ಹೊಂದಾಣಿಕೆಯೇ ಅವರನ್ನು ಬೆಳೆಸಿತು ಎಂದು ನಾನು ನಂಬುತ್ತೇನೆ.

ಇನ್ನು ಪೇಟ್ರಿಯಟ್ಸ್ ಚರಿತ್ರೆ. 2006ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಜೊತೆ ಅದಲುಬದಲು ಮಾಡಿ 52ರಿಂದ 36ಕ್ಕೆ ಏರಿ ಚಾಡ್ ಜಾಕ್ಸನ್ ಅವರನ್ನು ತಂದರು. ಪ್ಯಾಕರ್ಸ್ ಆ 52ರಲ್ಲಿ ಗ್ರೆಗ್ ಜೆನಿಂಗ್ಸ್ ಅವರನ್ನು ಪಡೆದರು. ಜಾಕ್ಸನ್ ಬೇಗ ಮರೆಯಾದರು, ಜೆನಿಂಗ್ಸ್ ಸೂಪರ್ ಬೌಲ್ ಗೆದ್ದರು. ಮೇಲೇರುವುದೇ ತಪ್ಪು ಅನ್ನೋಣವೇ? 2024ರಲ್ಲಿ ಕೆಳಗಿಳಿದರು. 34ನೇ ಪಿಕ್ಕನ್ನು ಚಾರ್ಜರ್ಸ್‌ಗೆ ಬಿಟ್ಟು 37ರಲ್ಲಿ ಜಾಲಿನ್ ಪೋಕ್ ಅವರನ್ನು ಆರಿಸಿದರು. ಚಾರ್ಜರ್ಸ್ 34ರಲ್ಲಿ ಎತ್ತಿಕೊಂಡದ್ದು ಲ್ಯಾಡ್ ಮೆಕಾಂಕಿ. ಮೊದಲ ವರ್ಷ ಮೆಕಾಂಕಿ 82 ಕ್ಯಾಚ್, 1,149 ಯಾರ್ಡ್. ಪೋಕ್ 12 ಕ್ಯಾಚ್, 87 ಯಾರ್ಡ್. ಏರಿದರೂ ಕೈತಪ್ಪಿತು, ಇಳಿದರೂ ಕೈತಪ್ಪಿತು. ಸಮಸ್ಯೆ ಪಿಕ್ಕಿನ ಸಂಖ್ಯೆಯಲ್ಲಿ ಇಲ್ಲ ಎನ್ನಲು ನನಗೆ ಇದಕ್ಕಿಂತ ಬೇರೆ ಪುರಾವೆ ಬೇಡ. ರಿಸೀವರ್‌ಗಳನ್ನು ಗುರುತಿಸುವುದರಲ್ಲಿ, ಬಂದವರನ್ನು ತಿದ್ದಿ ತೀಡುವುದರಲ್ಲಿ ಈ ತಂಡ ವರ್ಷಗಳಿಂದ ಎಡವುತ್ತಿದೆ. ಪ್ರಶ್ನೆ ಕೇಳುವುದಾದರೆ ಅಲ್ಲಿ ಕೇಳಿ.

ಥಾರ್ನ್‌ಟನ್ ಅವರನ್ನು ಪೇಟ್ರಿಯಟ್ಸ್ ಬಿಟ್ಟ ಮೇಲೆ ತಮ್ಮ ಅಭ್ಯಾಸ ತಂಡಕ್ಕೆ ಕರೆಸಿಕೊಂಡವರು ಚೀಫ್ಸ್, ಅಂದರೆ 50ನೇ ಪಿಕ್ಕನ್ನು ಮಾರಿದವರೇ. 2025ರ ಆಗಸ್ಟಿನಲ್ಲಿ ಅವರು ಸ್ಕೈ ಮೂರ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿದರು, ಥಾರ್ನ್‌ಟನ್ ಅವರನ್ನು ಉಳಿಸಿಕೊಂಡರು. ಆ ಋತುವಿನಲ್ಲಿ ಮಹೋಮ್ಸ್ ದೂರಕ್ಕೆ ಎಸೆದ ಚೆಂಡುಗಳ ಕೆಳಗೆ ಓಡಿ ಥಾರ್ನ್‌ಟನ್ ಟಚ್‌ಡೌನ್ ಗಳಿಸಿದರು. ಪೇಟ್ರಿಯಟ್ಸ್ ಅವರಿಂದ ಬಯಸಿದ್ದೂ ಇದೇ ಕೆಲಸವನ್ನು.